ನೇರಳೆ ಶಾಯಿ ಮತ್ತು ಕಮಲಮ್ಮನವರ ಕೆನೆ

ಒಂದು ಹವ್ಯಾಸ ಇದ್ದರೆ ಮನಸ್ಸು ಹಗುರವಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಬೆಕ್ಕಿದ್ದರೂ ಹಾಗೇ ಆಗುತ್ತದಂತೆ. ಆ ಲೆಕ್ಕದಲ್ಲಿ ಎರಡೂ ಇರುವ ನಾನು ಬೂರುಗದ ಹತ್ತಿಯ ಹಾಗೆ ಗಾಳಿಯಲ್ಲಿ ತೇಲಾಡಬೇಕಿತ್ತು. ಅದರ ಬದಲು ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ನೈಟಿಯ ಮೇಲೊಂದು ಟವೆಲ್ ಹೊದ್ದುಕೊಂಡು, ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಮಂಡಿಯೂರಿ, ಅರ್ಧ ನಿಂಬೆಹಣ್ಣಿನಿಂದ ಸಿಮೆಂಟು ಉಜ್ಜುತ್ತಿದ್ದೆ. ಅಲ್ಲಿಯವರೆಗೆ ಹೇಗೆ ಬಂದೆ ಎಂಬುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಹೇಳುವ ರೀತಿ ನನಗೆ ಅಷ್ಟು ಹಿಡಿಸುತ್ತಿಲ್ಲ.

ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದೇನೆ. ಬೋಲ್ಟು, ಬೇರಿಂಗು, ಗ್ರೀಸ್ ಡಬ್ಬಿ ಎಲ್ಲವೂ ಈಗ ಕಂಪ್ಯೂಟರಿನಲ್ಲೇ ಒಳಗೆ ಬಂದು ಕಂಪ್ಯೂಟರಿನಲ್ಲೇ ಹೊರಗೆ ಹೋಗುತ್ತವೆ. ಕೈಯಲ್ಲಿ ಬರೆಯುವುದು ಎಂದರೆ ಗೇಟ್ ಪಾಸಿನ ಮೇಲೆ ಹಾಕುವ ಸಹಿ ಮಾತ್ರ. ಅಂಥ ನನ್ನ ಬಳಿ ಇಪ್ಪತ್ತೆರಡು ಇಂಕ್ ಪೆನ್ನುಗಳಿವೆ. ಬೋಳುತಲೆಯವನ ಮನೆಯಲ್ಲಿ ಇಪ್ಪತ್ತೆರಡು ಬಾಚಣಿಗೆ ಇದ್ದ ಹಾಗೆ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಉಪಯೋಗಕ್ಕೆ ಬಾರದ ಸಾಮಾನು ಕಂಡರೆ ಅವರಿಗೆ ಮೈ ತುರಿಸುತ್ತದೆ.

ಪೆನ್ನು ಕೂಡಿಸುವುದು ಸಣ್ಣ ಜ್ವರವಾದರೆ ಶಾಯಿ ಬೆರೆಸುವುದು ಟೈಫಾಯಿಡ್. ಅಂಗಡಿಯಲ್ಲಿ ಸಿಗುವ ನೀಲಿ, ಕಪ್ಪು, ಕೆಂಪುಗಳಿಂದ ನನಗೆ ತೃಪ್ತಿ ಸಿಗುವುದು ನಿಂತು ಬಹಳ ಕಾಲವಾಯಿತು. ಹಳೆಯ ಟಾನಿಕ್ ಬಾಟಲಿಗಳು, ಸೂಜಿಯಿಲ್ಲದ ಸಿರಿಂಜುಗಳು, ಅಂಚು ಒಡೆದ ಒಂದು ಪಿಂಗಾಣಿ ಬಟ್ಟಲು, ಇವು ನನ್ನ ಪ್ರಯೋಗಶಾಲೆ. ಮೊದಲ ಸಲ ಸಿರಿಂಜು ಕೊಳ್ಳಲು ಹೋದಾಗ ಮೆಡಿಕಲ್ ಶಾಪಿನಾತ, "ಯಾರಿಗೆ ಮೇಡಂ?" ಎಂದು ಕೇಳಿದ. "ಪೆನ್ನಿಗೆ" ಎಂದೆ. ಆತ ನನ್ನ ಕಣ್ಣುಗಳನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ, ಸಿರಿಂಜಿನ ಜೊತೆಗೆ ಕೇಳದೆಯೇ ಒಂದು ಓಆರ್‌ಎಸ್ ಪ್ಯಾಕೆಟ್ಟನ್ನೂ ಇಟ್ಟುಕೊಟ್ಟ. ಕೆಲವು ಶಾಯಿಗಳು ಬೆರೆತರೆ ಹಾಲು ಒಡೆದ ಹಾಗೆ ಒಡೆದು ತಳದಲ್ಲಿ ಗಸಿ ಕೂರುತ್ತದೆ. ಕೆಲವು ಬಾಟಲಿಯಲ್ಲಿ ನವಿಲಿನ ಕತ್ತಿನಂತೆ ಹೊಳೆದು, ಕಾಗದದ ಮೇಲೆ ಚರಂಡಿ ನೀರಿನಂತೆ ಕಾಣುತ್ತವೆ. ಹಸಿರು ಬೆರೆಸಿ ಗೇಟ್ ಪಾಸಿಗೆ ಸಹಿ ಹಾಕಿದ ದಿನ ನಮ್ಮ ಸೆಕ್ಯೂರಿಟಿಯ ನಂಜಪ್ಪ ಲಾರಿಯನ್ನು ಗೇಟಿನಲ್ಲೇ ತಡೆದು ನಿಲ್ಲಿಸಿ ನನ್ನ ಹತ್ತಿರ ಬಂದ. "ಮೇಡಂ, ಅಸಿರಲ್ಲಿ ಸೈನ್ ಆಕೋದು ಗೆಜೆಟೆಡ್ ಆಫೀಸರ್ರು. ನೀವು ಯಾವಾಗ ಆದ್ರಿ?" ಎಂದು ನಿಜವಾದ ಗೌರವದಿಂದ ಕೇಳಿದ. ಅಂದಿನಿಂದ ಹಸಿರನ್ನು ಮನೆಗೆ ಸೀಮಿತಗೊಳಿಸಿದ್ದೇನೆ.

ನಾಲ್ಕು ತಿಂಗಳ ಪ್ರಯತ್ನದ ಮೇಲೆ ಒಂದು ಬಣ್ಣ ಸಿದ್ಧಿಸಿತು. ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಅದಕ್ಕೆ ನೀರು ಬಿದ್ದರೂ ಅಳಿಯದ ಒಂದು ಜಾತಿಯ ಶಾಯಿಯನ್ನು ಆಧಾರವಾಗಿಟ್ಟುಕೊಂಡಿದ್ದೆ. ಸಿಕ್ಕವರಿಗೆಲ್ಲ ತೋರಿಸಿದೆ. ನಲ್ಲಿಯ ಕೆಳಗೆ ಕಾಗದ ಹಿಡಿದು, "ನೋಡಿ, ಹೋಗುತ್ತಾ? ಹೋಗಲ್ಲ!" ಎಂದು ಸೋಪಿನ ಜಾಹೀರಾತಿನ ಹೆಂಗಸಿನ ಹಾಗೆ ಹೇಳಿದೆ, ಅರ್ಥ ಮಾತ್ರ ತಿರುಗುಮುರುಗು. ಕೆಳಗಿನ ಮೀಟರ್ ಬೋರ್ಡಿನಲ್ಲಿ ಯಾವ ಮೀಟರ್ ಯಾರ ಮನೆಯದು ಎಂಬ ಚೀಟಿಗಳನ್ನೂ ಅದರಲ್ಲೇ ಬರೆದು ಅಂಟಿಸಿದೆ. ಹೀಗಾಗಿ ನಮ್ಮ ಕಟ್ಟಡದಲ್ಲಿ ಆ ನೇರಳೆ ಯಾರದು ಎಂದು ತಿಳಿಯದವರು ಯಾರೂ ಉಳಿಯಲಿಲ್ಲ.

ಕಟ್ಟಡದಲ್ಲಿ ಇರುವುದೇ ಮೂರು ಸಂಸಾರ. ನೆಲಮಹಡಿಯಲ್ಲಿ ಮನೆ ಓನರ್ ಕಮಲಮ್ಮ, ಒಂಟಿ ಜೀವ, ಗಟ್ಟಿ ಗಂಟಲು. ಮೊದಲ ಮಹಡಿಯಲ್ಲಿ ನಾವಿಬ್ಬರು ಮತ್ತು ಬೆಲ್ಲ. ಬೆಲ್ಲ ಎಂದರೆ ನಮ್ಮ ಬೆಕ್ಕು, ಬಣ್ಣ ನೋಡಿ ಇಟ್ಟ ಹೆಸರು. ತಾರಸಿಯ ಮೇಲಿನ ಒಂದೇ ಕೋಣೆಯಲ್ಲಿ ಕೊಪ್ಪಳದ ಕಡೆಯಿಂದ ಬಂದ ರೇಣುಕಾ ಮತ್ತು ಅವಳ ಗಂಡ ಶಿವಪ್ಪ. ಅವನು ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ, ಅವಳು ಗಾರ್ಮೆಂಟ್ಸಿಗೆ. ತಾರಸಿಗೆ ಕುಡಿಯುವ ನೀರಿನ ಸಂಪರ್ಕವಿಲ್ಲ. ಆದ್ದರಿಂದ ರೇಣುಕಾ ಕಮಲಮ್ಮನವರ ಅಡುಗೆಮನೆಯ ಹಿಂದಿನ ನಲ್ಲಿಯಲ್ಲಿ ಕೊಡ ತುಂಬಿಕೊಳ್ಳಬೇಕು.

ಕಮಲಮ್ಮನವರಿಗೆ ಅಂಗಡಿಯ ತುಪ್ಪ ಎಂದರೆ ಆಗದು. ವಾರವಿಡೀ ಹಾಲಿನ ಕೆನೆಯನ್ನು ಫ್ರಿಜ್ಜಿನಲ್ಲಿ ಕೂಡಿಟ್ಟು, ಭಾನುವಾರ ಬೆಳಿಗ್ಗೆ ಹೊರಗೆ ತೆಗೆದು, ತಣ್ಣಗಿರುವುದು ಹೋಗಲೆಂದು ಅಡುಗೆಮನೆಯ ಕಿಟಕಿಯ ಪಕ್ಕ ತಟ್ಟೆ ಮುಚ್ಚಿಟ್ಟು, ಸ್ನಾನ ಪೂಜೆ ಮುಗಿಸಿ ಬಂದು ಕಡೆಯುತ್ತಾರೆ. ಒಂದು ಭಾನುವಾರ ಬಂದು ನೋಡಿದರೆ ತಟ್ಟೆ ಓರೆ, ಕೆನೆ ಅರ್ಧ. ಮುಂದಿನ ಭಾನುವಾರವೂ ಅದೇ. ಮೂರನೆಯ ಭಾನುವಾರ ಅವರು ಪೂಜೆಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದಾಗ ಕೆನೆ ಇರಲಿಲ್ಲ, ಕಿಟಕಿಯ ಹೊರಗೆ ಕೊಡ ಹಿಡಿದು ನಿಂತ ರೇಣುಕಾ ಇದ್ದಳು.

ಆ ದಿನದ ಗಲಾಟೆಗೆ ಅಕ್ಕಪಕ್ಕದ ಮನೆಯವರೂ ಹೂವು ಮಾರುವವಳೂ ನೆರೆದರು. "ಕೈ ಹಾಕಿದ್ರೆ ಸಿಗೋ ಹಾಗಿದೆ ಕಿಟಕಿ. ಇನ್ಯಾರು ತಿಂತಾರೆ? ತಿಂಗಳ ಕೊನೆಗೆ ರೂಮ್ ಖಾಲಿ ಮಾಡ್ಬಿಡು. ಕಳ್ಳೀನ ತಲೆ ಮೇಲೆ ಇಟ್ಕೊಂಡು ನಂಗೆ ನಿದ್ದೆ ಬರಲ್ಲ!" ಎಂದು ಕಮಲಮ್ಮ ಕೂಗಿದರು. ರೇಣುಕಾ, "ನಾ ಮುಟ್ಟಿಲ್ರಿ ಅಮ್ಮಾರ" ಎಂದು ಒಂದೇ ಸಲ ಹೇಳಿ ಕೊಡ ಎತ್ತಿಕೊಂಡಳು. ಆಗ ಯಾರೋ ಬೆಕ್ಕಿರಬಹುದು ಎಂದರು. ಎಲ್ಲರೂ ತಲೆಯೆತ್ತಿ ಬಾಲ್ಕನಿಯಲ್ಲಿದ್ದ ನನ್ನನ್ನು ನೋಡಿದರು.

ನಾನು ಮಾಡಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ನಮ್ಮ ಬೆಲ್ಲ ಹೊಸಿಲು ದಾಟಲ್ಲ ಕಣ್ರೀ. ಪ್ಯಾಕೆಟ್ ಫುಡ್ ಬಿಟ್ಟು ಬೇರೆ ಏನನ್ನೂ ಮೂಸೋದೂ ಇಲ್ಲ. ಬೇಕಾದ್ರೆ ಬರ್ಕೊಡ್ತೀನಿ" ಎಂದೆ. ಎರಡು ದಿನದ ಹಿಂದಷ್ಟೇ ಬೆಲ್ಲಳ ಹೊಟ್ಟೆ ಹೊಯ್ದಾಡುವಷ್ಟು ದಪ್ಪವಾಗಿದೆಯೆಂದು ಪಶುವೈದ್ಯರಿಗೆ ತೋರಿಸಿದ್ದೆ. "ಹಾಲು, ಕೆನೆ ಏನಾದ್ರೂ ಕೊಡ್ತೀರಾ?" ಎಂದು ಅವರು ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡು ಬಂದಿದ್ದೆ. ಆ ಪ್ರಶ್ನೆಗೂ ಕೆಳಗಿನ ಕಿಟಕಿಗೂ ಸಂಬಂಧ ಕಲ್ಪಿಸದೆ ಇರಲು ಸಾಕಷ್ಟು ಶ್ರಮ ಬೇಕು. ನಾನು ಆ ಶ್ರಮವನ್ನು ಮನಃಪೂರ್ವಕವಾಗಿ ವಹಿಸಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಟ್ಟಲು ತುಂಬ ನೇರಳೆ ಶಾಯಿ ಬೆರೆಸಿ, ಪೆನ್ನು ತೊಳೆಯಲು ಬಚ್ಚಲಿಗೆ ಹೋದೆ. ಇಂಕ್ ಪೆನ್ನು ತೊಳೆಯುವುದು ಕೂಸಿಗೆ ಎಣ್ಣೆನೀರು ಹಾಕಿದ ಹಾಗೆ, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಿಂದಿರುಗಿದಾಗ ಬಟ್ಟಲು ವಾಲಿತ್ತು. ಮೇಜಿನ ಮೇಲೆ ನೇರಳೆ ಹೂಗಳು. ನಾಲ್ಕು ದಳ, ಕೆಳಗೊಂದು ದಪ್ಪ ಬೊಟ್ಟು, ಅಚ್ಚು ಹಾಕಿದಷ್ಟು ಅಂದ. ಬೈಯಲು ಬಾಯಿ ತೆರೆದವಳು ಒಂದು ಕ್ಷಣ ಬಣ್ಣ ನೋಡಿ ಹಿಗ್ಗಿದ್ದೂ ಉಂಟು. ಹೂಗಳು ಮೇಜಿನಿಂದ ಕುರ್ಚಿಗೆ, ಕುರ್ಚಿಯಿಂದ ಅಡುಗೆಮನೆಯ ಕಿಟಕಿಗೆ ಹೋಗಿದ್ದವು. ಕಿಟಕಿಯ ಸೊಳ್ಳೆಪರದೆಯ ಒಂದು ಮೂಲೆ ಕಿತ್ತು ಹೊರಗೆ ಬಾಗಿತ್ತು.

ನನ್ನ ಹಿಗ್ಗು ಇಳಿದುಹೋಯಿತು. ಬಾಗಿಲು ತೆರೆದೆ. ಕಮಲಮ್ಮ ಗೌರಿಹಬ್ಬಕ್ಕೆಂದು ಮೆಟ್ಟಿಲಿಗೆಲ್ಲ ಬಿಳಿ ಸಿಮೆಂಟ್ ಬಳಿಸಿದ್ದರು. ಕೆಳಗಿನ ಮನೆಯ ಕಿಟಕಿಯ ಸಜ್ಜದಿಂದ ಧುಮುಕಿದ ಬೆಲ್ಲ ಅದರ ಮೇಲೆ ಮೆಟ್ಟಿಲಿಗೆರಡರಂತೆ ಹೆಜ್ಜೆಯಿಡುತ್ತ, ಸೋಮಾರಿಯಾಗಿ, ದಿನಾ ಹೋಗುವ ದಾರಿ ಎಂಬಂತೆ ಇಳಿದಿದ್ದಳು. ಹೆಜ್ಜೆಗಳು ಕಮಲಮ್ಮನವರ ಹಿತ್ತಲಿಗೆ ತಿರುಗಿದ್ದವು. ಒಳಗಿನಿಂದ ಪೂಜೆಯ ಗಂಟೆ ಕೇಳುತ್ತಿತ್ತು. ಅಂದರೆ ಅವರು ಹೊರಬರಲು ಇನ್ನೂ ಹತ್ತು ನಿಮಿಷ.

ಆ ಹತ್ತು ನಿಮಿಷದಲ್ಲಿ ಪ್ರಾಮಾಣಿಕರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಾನು ಒದ್ದೆ ಬಟ್ಟೆ ತಂದೆ. ಹೋಗಲಿಲ್ಲ. ಪಾತ್ರೆ ಸೋಪು ಹಾಕಿದೆ. ಹೋಗಲಿಲ್ಲ, ನೊರೆ ಮಾತ್ರ ನೇರಳೆಯಾಯಿತು. ಒಳಗೆ ಓಡಿ ನಿಂಬೆಹಣ್ಣು ತಂದು, ನಾನೇ ಕಂಡುಹಿಡಿದ, ನಾನೇ ಹೊಗಳಿಕೊಂಡ ಶಾಯಿಯನ್ನು ಶಪಿಸುತ್ತ ಉಜ್ಜತೊಡಗಿದೆ. ಗಂಡ ಬಾಗಿಲಲ್ಲಿ ಪೇಪರ್ ಹಿಡಿದು ನಿಂತು ನೋಡಿ, "ಮೆಟೀರಿಯಲ್ ಚೆನ್ನಾಗಿದೆ. ರಿಜೆಕ್ಟ್ ಮಾಡೋ ಹಾಗಿಲ್ಲ" ಎಂದು ಒಳಗೆ ಹೋದರು.

"ತಿಕ್ಕಬ್ಯಾಡ್ರಿ ಅಕ್ಕಾರ. ಹೋಗಂಗಿಲ್ಲ ಅದು."

ತಲೆಯೆತ್ತಿದೆ. ಮೇಲಿನ ಮೆಟ್ಟಿಲಲ್ಲಿ ರೇಣುಕಾ, ಸೊಂಟದಲ್ಲಿ ಖಾಲಿ ಕೊಡ.

"ಈಗ ತಾನೇ ನೋಡಿದೆ ರೇಣುಕಾ..." ಎಂದು ತೊದಲಿದೆ.

"ನಾ ಮೊದಲನೇ ವಾರನ ನೋಡೀನ್ರಿ. ಕಿಟಕ್ಯಾಗ ಕುಂತು, ಕಣ್ಣ ಮುಚ್ಚಿ ನೆಕ್ಕಾಕ ಹತ್ತಿತ್ತು."

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

"ಹೇಳಿದ್ರ ಯಾರ್ ನಂಬತಿದ್ರು ಹೇಳ್ರಿ? ನೀವು ಆಫೀಸಿನ್ಯಾರು, ಬರದ ಕೊಡತೀನಿ ಅಂದ್ರಿ. ನನ್ ಕಡೆ ಏನೈತಿ? ಒಂದು ಕೊಡ ಐತಿ."

ಅವಳು ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಉತ್ತರ ಕೊಡುತ್ತಿದ್ದೆನೇನೋ. ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿದಳು. ನನ್ನ ಕೈಯಲ್ಲಿದ್ದ ನಿಂಬೆಹಣ್ಣು ಬಹಳ ದೊಡ್ಡದಾಗಿ ಕಾಣಿಸಿತು. ಅದನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಎದ್ದೆ. ಮಂಡಿಯ ಮೇಲೆ ಎರಡು ನೇರಳೆ ವೃತ್ತಗಳಾಗಿದ್ದವು. ಹಾಗೆಯೇ ಹೋಗಿ ಕಮಲಮ್ಮನವರ ಬಾಗಿಲು ತಟ್ಟಿದೆ.

ಕಮಲಮ್ಮ ಆರತಿ ತಟ್ಟೆ ಹಿಡಿದೇ ಬಂದರು. "ಕೆನೆ ತಿಂತಿರೋದು ನಮ್ಮ ಬೆಲ್ಲ. ನಾನು ಅವತ್ತು ಹೇಳಿದ್ದು ಸುಳ್ಳು" ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ನಂಬಲಿಲ್ಲ. ತಪ್ಪೊಪ್ಪಿಕೊಳ್ಳಲು ಇಷ್ಟು ಕಷ್ಟಪಟ್ಟು ಬಂದಿರುವಾಗ ನಂಬದೆ ಇರುವುದೆಂದರೆ! ಕೊನೆಗೆ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ. ಕಟ್ಟೆಯ ಮೇಲೆ ನೇರಳೆ ಹೂಗಳ ಸಾಲು. ಸಾಲಿನ ಕೊನೆಯಲ್ಲಿ ಬೆಲ್ಲ, ಪಾತ್ರೆಯೊಳಗೆ ಕುತ್ತಿಗೆಯವರೆಗೆ ಮುಳುಗಿ. ನಮ್ಮ ಸದ್ದಿಗೆ ತಲೆಯೆತ್ತಿದಳು. ಮುಖವೆಲ್ಲ ಕೆನೆ, ನಾಲ್ಕೂ ಕಾಲು ನೇರಳೆ, ಒಂದಿಷ್ಟೂ ಅಂಜಿಕೆಯಿಲ್ಲ.

"ಅಯ್ಯೋ ನಿನ್ನ! ಮೀಟರ್ ಬೋರ್ಡಿನ ಬಣ್ಣ!" ಎಂದು ಕಮಲಮ್ಮ ಉದ್ಗರಿಸಿದರು.

ಆರತಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ಆಮೇಲೆ ಹಿತ್ತಲ ಬಾಗಿಲು ತೆರೆದು ನಲ್ಲಿಯ ಹತ್ತಿರವಿದ್ದ ರೇಣುಕಾಗೆ, "ರೂಮ್ ಖಾಲಿ ಮಾಡೋದೇನೂ ಬೇಡ ಬಿಡಮ್ಮ. ಇರು. ನೀರು ಎಷ್ಟು ಬೇಕೋ ಅಷ್ಟು ಹಿಡ್ಕೋ" ಎಂದರು. ಕಮಲಮ್ಮನಂಥವರ ಬಾಯಿಂದ ಅದು ದೊಡ್ಡ ಮಾತು. ಅಷ್ಟಕ್ಕೇ ಮುಗಿಯಿತೆಂದು ನಾನು ಬೆಲ್ಲಳನ್ನು ಎತ್ತಿಕೊಂಡು ಜಾರಿಕೊಳ್ಳುವುದರಲ್ಲಿದ್ದೆ.

ರೇಣುಕಾ ನಲ್ಲಿ ನಿಲ್ಲಿಸಿದಳು. "ಇಲ್ರಿ ಅಮ್ಮಾರ. ನಾವು ಬ್ಯಾರೆ ರೂಮ್ ನೋಡೀವಿ, ಹೋಗತೀವಿ."

"ಯಾಕೆ? ತಪ್ಪು ಗೊತ್ತಾಯ್ತಲ್ಲ?"

"ನಿಮಗ ಗೊತ್ತಾತ್ರಿ. ಕಳ್ಳಿ ಅಂದಿದ್ದು ಎಲ್ಲಾರ ಮುಂದ. ಅಲ್ಲ ಅನ್ನೂದೂ ಎಲ್ಲಾರ ಮುಂದ ಅನ್ರಿ. ಅಂದ್ರ ಇರತೀವಿ."

ಕಮಲಮ್ಮನವರ ಮುಖ ಕೆಂಪಾಯಿತು. ಇನ್ನೊಂದು ಕೂಗಾಟ ಶುರುವಾಗುತ್ತದೆ, ಆ ಇಬ್ಬರು ಗಂಟುಮೂಟೆ ಕಟ್ಟುತ್ತಾರೆ, ಅದಕ್ಕೆಲ್ಲ ಕಾರಣವಾದ ನಾನು ಬಣ್ಣದ ಬಟ್ಟಲು ಹಿಡಿದು ಮೇಲೆ ಕೂತಿರುತ್ತೇನೆ ಎಂದುಕೊಂಡೆ. ಆದರೆ ಕಮಲಮ್ಮ ಸೆರಗು ಸಿಕ್ಕಿಸಿ, ಗೇಟು ತೆರೆದು, ನೇರವಾಗಿ ರಸ್ತೆಗೆ ನಡೆದರು. ಹೂವು ಮಾರುವವಳನ್ನು ಕರೆದರು. ಅಕ್ಕಪಕ್ಕದ ಮನೆಯವರನ್ನು ಹೆಸರು ಹಿಡಿದು ಕೂಗಿದರು. "ಕೇಳ್ರೀ ಎಲ್ಲಾರೂ! ನಮ್ಮ ರೇಣುಕಾ ಕೆನೆ ಮುಟ್ಟಿಲ್ಲ. ನಂದೇ ತಪ್ಪು. ತಿಂದಿದ್ದು ಈ ಮೇಲಿನ ಮನೆ ಮೇಡಂ ಅವರ ಬೆಕ್ಕು. ಸುಳ್ಳು ಹೇಳಿದ್ದು ಮೇಡಂ!" ರೇಣುಕಾ ಕೊಡ ಎತ್ತಿಕೊಂಡು, ಅವಸರವಿಲ್ಲದೆ, ನೇರಳೆ ಹೆಜ್ಜೆಗಳನ್ನು ತುಳಿಯದ ಹಾಗೆ ಮೆಟ್ಟಿಲೇರಿದಳು. ಹೋಗುವಾಗ ನನ್ನ ಕಂಕುಳಲ್ಲಿದ್ದ ಬೆಲ್ಲಳ ತಲೆಯನ್ನು ಒಮ್ಮೆ ಸವರಿದಳು. ನನ್ನ ಕಡೆ ನೋಡಲಿಲ್ಲ. ಮಾತು ಶುರುವಾದದ್ದು ಮೂರು ವಾರದ ಮೇಲೆ, ಅದೂ ನಾನೇ ಹೋಗಿ ತಪ್ಪಾಯಿತು ಎಂದಮೇಲೆ.

ಇಲ್ಲಿಗೆ ಎಲ್ಲ ಸುಖಾಂತ್ಯ ಎನ್ನಬೇಕು. ರೇಣುಕಾ ಶಿವಪ್ಪ ಅದೇ ಕೋಣೆಯಲ್ಲಿದ್ದಾರೆ. ಬೆಲ್ಲ ಸಣ್ಣಗಾಗಿದ್ದಾಳೆ. ತೊಂದರೆ ಏನೆಂದರೆ, ಎಲ್ಲರ ಮುಂದೆ ಹೇಳುವ ಕೆಲಸ ಕಮಲಮ್ಮನವರಿಗೆ ರುಚಿಸಿಬಿಟ್ಟಿದೆ. ಮೆಟ್ಟಿಲ ಮೇಲಿನ ಹೆಜ್ಜೆಗಳಿಗೆ ಬಣ್ಣ ಹೊಡೆಸುತ್ತೇನೆಂದು ನಾನು ಬೇಡಿಕೊಂಡರೂ ಒಪ್ಪುವುದಿಲ್ಲ. ಬಂದವರೆಲ್ಲ ಇದೇನು ರಂಗೋಲಿ ಎಂದು ಕೇಳಬೇಕು, ಅವರು ಹೇಳಬೇಕು. ಹೇಳುತ್ತ ಹೇಳುತ್ತ ಕತೆ ಚಿಕ್ಕದಾಗಿದೆ. ಮೊದಲು ಕಿಟಕಿ ಹೋಯಿತು, ಆಮೇಲೆ ಶಾಯಿ ಹೋಯಿತು. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳುವಾಗ ಬೆಕ್ಕೂ ಬಿಟ್ಟುಹೋಯಿತು. "ಮೇಲಿನ ಮನೆ ಮೇಡಂ ಇದಾರಲ್ಲ, ಕೆನೆ ಕದಿಯೋಕೆ ಬರ್ತಿದ್ರು ಕಣಪ್ಪ. ಇದೇ ನೋಡು ಹೆಜ್ಜೆ" ಎಂದದ್ದು ನನಗೇ ಕೇಳಿಸಿತು. ಅವನು ಸಿಲಿಂಡರ್ ಹೊತ್ತು ಮೇಲೆ ಬಂದ. ಬಾಗಿಲು ತೆರೆದೆ. ಅವನು ಮೆಟ್ಟಿಲ ಗುರುತನ್ನು ಒಮ್ಮೆ ನೋಡಿ, ನಿಧಾನವಾಗಿ ನನ್ನ ಪಾದಗಳನ್ನು ನೋಡಿದ. ಬೆಕ್ಕು ಎಂದು ಹೇಳಲು ಬಾಯಿ ತೆರೆದವಳು, ಯಾಕೋ ಎರಡೂ ಪಾದಗಳನ್ನು ಸೀರೆಯ ನೆರಿಗೆಯೊಳಕ್ಕೆ ಎಳೆದುಕೊಂಡೆ.