ಅಳಿಯನಿಗೆ ಯಾವ ಮೊಸರು?

ನಾನು ಮಾಡಿದ ಅಪರಾಧ ಇಷ್ಟೇ. ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯಾದ ಹುಮ್ಮಸ್ಸಿನಲ್ಲಿ, ಎಣ್ಣೆ ಉಳಿಯಲೆಂದು, ಚಳಿಗಾಲದ ಮಧ್ಯಾಹ್ನಗಳಲ್ಲಿ ಎಲ್ಲ ಮನೆಗಳನ್ನೂ ಬೆಚ್ಚಗಿಡುವ ಬಾಯ್ಲರ್ ಆರಿಸತಕ್ಕದ್ದೆಂದು ರಾಜಾಜ್ಞೆ ಹೊರಡಿಸಿದೆ. ಎರಡನೇ ಮಹಡಿಯಲ್ಲಿ ನಮ್ಮತ್ತೆ ಪೊಲಿಕ್ಸೇನಿ ಇದ್ದಾರೆಂಬುದು ಆಗ ಹೊಳೆಯಲೇ ಇಲ್ಲ. (ನನ್ನ ಹೆಂಡತಿ ಎವಂಥಿಯಾ ಇದನ್ನು ನಂಬುವುದಿಲ್ಲ.) ಭಾನುವಾರದ ಸಭೆಗೆ ಮೊಸರು ತರುತ್ತೇನೆಂದು ಅತ್ತೆ ಹೇಳಿಕಳಿಸಿದರು.

ಗ್ರೀಸಿನ ನಮ್ಮೂರು ತ್ರಿಕಾಲದಲ್ಲಿ ಮೊಸರನ್ನು ಮೂರು ಹೊತ್ತೂ ತಿನ್ನುತ್ತೇವೆ. ಅಧಿಕಾರದಲ್ಲಿರುವವರ ಮೇಲೆ ಸಿಟ್ಟು ಬಂದರೆ ಎಸೆಯುತ್ತೇವೆ. ಹರೆಯದಲ್ಲಿ ಅತ್ತೆ, ಭಾಷಣ ಬಿಗಿಯುತ್ತಿದ್ದ ಮಂತ್ರಿಯೊಬ್ಬರಿಗೆ ಚೌಕದ ಆಚೆ ಬದಿಯಿಂದ ಎಸೆದಿದ್ದರಂತೆ. ಮೀಸೆ ಬೆಳ್ಳಗಾಯಿತು, ಟೋಪಿಗೆ ಒಂದು ಹನಿಯೂ ತಾಗಲಿಲ್ಲ. ಆ ಕೈಯನ್ನು ನೆನೆದರೆ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ.

ಪೆಟ್ಟು ತಿನ್ನಲಿರುವವನ ಕಣ್ಣಿನಿಂದ ಫ್ರಿಜ್ ತೆರೆದು ನೋಡಿದೆ. ಮಗಳು ಜಿಮ್ಮಿನ ಹುಚ್ಚಿಗೆ ತಂದ ಐಸ್‌ಲ್ಯಾಂಡಿನ ಸ್ಕಿರ್ ಮೊಸರು: ಕೊಬ್ಬಿಲ್ಲ, ತುಸು ಹುಳಿ, ಮಿಕ್ಕಿದ್ದೆಲ್ಲ ಪ್ರೊಟೀನು. ಹೊಟ್ಟೆಗೆ ಬಿದ್ದರೆ ಮೈ ಗಟ್ಟಿ, ಮೂಗಿಗೆ ಬಿದ್ದರೆ ಮೂಗು ಚಪ್ಪಟೆ. ಪಕ್ಕದ ಮನೆಯ ಲೆಬನಾನಿನವರು ಕೊಟ್ಟ ಲಬ್ನೆ: ಉಪ್ಪು ಬೆರೆಸಿ, ನೀರೆಲ್ಲ ಇಳಿಸಿ, ಉಂಡೆ ಕಟ್ಟಿದ್ದು. ಸಾಕ್ಷಾತ್ ಫಿರಂಗಿ ಗುಂಡು. ಆದರೆ ಅತ್ತೆ ಕುರಿಹಾಲಿನ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿದ್ದಿದೆಯಲ್ಲ, ಅದರಲ್ಲಿ ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತದೆ. ಬಾಯಿಗಿಟ್ಟರೆ ಮಾತು ನಿಲ್ಲುತ್ತದೆ. ಮೊಸರಲ್ಲಿ ಕಲ್ಲು ಹುಡುಕುವ ಅತ್ತೆಯರು ಎಲ್ಲೆಲ್ಲೂ ಇದ್ದಾರೆ. ನಮ್ಮತ್ತೆಗೆ ಹುಡುಕುವ ಕಷ್ಟವೇ ಇಲ್ಲ, ಮೊಸರೇ ಕಲ್ಲು. ದೇವರ ಮುಂದೆ ನಿಂತಂತೆ ಫ್ರಿಜ್ಜಿನ ಮುಂದೆ ನಿಂತುಬಿಟ್ಟೆ.

"ಹಳೇ ಕೋಟು ಹಾಕ್ಕೊಳ್ಳಿ," ಅಂದಳು ಎವಂಥಿಯಾ.

"ನಿಮ್ಮಮ್ಮನ್ನ ತಡಿಯೋಕಾಗಲ್ವೇನೆ?"

"ಅಮ್ಮನ ಗುರಿ ಯಾವತ್ತೂ ತಪ್ಪಿಲ್ಲ ಕಣ್ರೀ. ನೀವು ಅಲ್ಲಾಡದೆ ನಿಂತ್ಕೊಳ್ಳಿ ಸಾಕು. ಇಲ್ದಿದ್ರೆ ಪಕ್ಕದವರಿಗೆ ಹಾರತ್ತೆ."

ಅಂಥ ಕೈ, ಅಂಥ ಮೊಸರು. ಹಳೇ ಕೋಟು ಹಾಕಲು ಮನಸ್ಸೊಪ್ಪದೆ ಮದುವೆ ಮನೆಗಳಿಗೆಂದು ಇಟ್ಟಿದ್ದ ಕೋಟನ್ನೇ ತೊಟ್ಟೆ.

ಸಭೆಯಲ್ಲಿ ನಾನು ಬಾಯ್ಲರ್ ಎನ್ನುವಷ್ಟರಲ್ಲಿ ಅತ್ತೆ ಎದ್ದರು. ಹಣೆಯ ನಟ್ಟನಡುವೆ ಬಿತ್ತು. ಆಶ್ಚರ್ಯ, ಪೆಟ್ಟೇ ಆಗಲಿಲ್ಲ. ಮೂಗಿನ ಮೇಲಿಂದ ಜಾರಿ ಬಾಯಿಗಿಳಿಯಿತು. ನೀರು ನೀರಾದ, ಅಂಗಡಿಯ ಹಸುವಿನ ಮೊಸರು.

"ಅತ್ತೆ, ಇದು ನಿಮ್ಮ ಮನೇದಲ್ಲ," ಎಂದೆ.

"ನಾಲ್ಕು ಲೀಟರ್ ಹಾಲು ಸುರಿದ್ರೆ ಒಂದು ಲೀಟರ್ ಆಗೋದು, ಅಳಿಯಂದ್ರೇ," ಅಂದರು ಅತ್ತೆ, ಕೈ ಒರೆಸಿಕೊಳ್ಳುತ್ತ. "ಅದು ಮಂತ್ರಿಗಳಿಗೆ."

ಇಡೀ ಸಭೆ ತಲೆದೂಗಿತು, ಎವಂಥಿಯಾ ಕೂಡ. ನಾನು ಮೇಲೆ ಹೋಗಿ ತಲೆ ತೊಳೆದುಕೊಂಡೆ. ಮಧ್ಯಾಹ್ನದ ಚಳಿಗೆ ಹಲ್ಲು ಕಟಕಟ ಎನ್ನತೊಡಗಿತು. ಕೆಳಗಿಳಿದು ಬಾಯ್ಲರ್ ಹಚ್ಚಿದವನು ನಾನೇ.