ನಮ್ಮ ಮಾವನ ಸಾಗಾಟ ವಿಮಾನ

1993ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ, ಅದೂ ಅರ್ಧಕ್ಕೆ. ಮರುದಿನವೇ ರಾಯಚೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಸುತ್ತಿಗೆ ಹಿಡಿದೆ. ನಾಚಿಕೆಯೇನಿಲ್ಲ. ಇವತ್ತು ಮಾನ್ವಿ, ದೇವದುರ್ಗದ ರಸ್ತೆಗಳಲ್ಲಿ ಓಡುವ ಟ್ರ್ಯಾಕ್ಟರ್ ಟ್ರ್ಯಾಲಿಗಳನ್ನು ನಿಲ್ಲಿಸಿ ಬೆಸುಗೆ ನೋಡಿ; ಗೆರೆ ನೆಟ್ಟಗಿದ್ದರೆ ಅದು ನನ್ನ ಕೈಯದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. (ಸ್ವಲ್ಪ ಜಂಬಕ್ಕೂ ಹೌದು!) ಅರ್ಧ ಓದಿದ ನಾನು ನನ್ನ ಅಳತೆ ಅರಿತು ಟ್ರ್ಯಾಲಿಗೆ ನಿಂತೆ. ಶಾಲೆಯ ಕಟ್ಟೆಯನ್ನೇ ಹತ್ತದ ನನ್ನ ಸೋದರಮಾವ ಮಾತ್ರ ದೇಶದ ಸೈನ್ಯಕ್ಕೆ ಹೊಸ ಸಾಗಾಟ ವಿಮಾನ ತಯಾರಿಸುತ್ತಿದ್ದಾರೆ!

ನಗಬೇಡಿ. ನನಗೆ ಮೈಯೆಲ್ಲ ಉರಿಯುತ್ತಿದೆ.

ನಿಜವಾಗಿ ಅದನ್ನು ತಯಾರಿಸಬೇಕಾದವರು ಎಲ್ಲೋ ದೊಡ್ಡ ಊರಿನಲ್ಲಿ ಇದ್ದಾರಂತೆ. ಹಳೆಯ ವಿಮಾನಗಳಿಗೆ ವಯಸ್ಸಾಗಿದೆ, ಜವಾನರನ್ನೂ ರೇಷನ್ನನ್ನೂ ಹೊತ್ತು ಬೆಟ್ಟದ ಮೇಲಕ್ಕೆ ಹಾರಲು ಹೊಸದು ಬೇಕು ಎಂದು ವರ್ಷಗಳಿಂದ ಸುದ್ದಿ ಬರುತ್ತಲೇ ಇದೆ. ಎಷ್ಟು ಟನ್ ಹೊರಬೇಕು, ಯಾವ ದೇಶದವರ ಜೊತೆ ಸೇರಿ ಮಾಡಬೇಕು ಎಂದು ಮೀಟಿಂಗ್ ಮೇಲೆ ಮೀಟಿಂಗ್. ಆ ಎಲ್ಲ ಮೀಟಿಂಗುಗಳಿಗೂ ಮಸರಕಲ್ಲಿನ ಕುರಿಹಟ್ಟಿಯಿಂದ ನಮ್ಮ ಮಾವ ಹಾಜರು, ಮೊಬೈಲ್ ಹಿಡಿದುಕೊಂಡು! ಸುದ್ದಿ ಮುಗಿದ ಕೂಡಲೇ ನನಗೆ ಫೋನು. ನಾನು ಕಬ್ಬಿಣವನ್ನು ಕೆಂಪಗೆ ಕಾಯಿಸಿ ಬಗ್ಗಿಸಲು ನಿಂತ ಹೊತ್ತಿಗೇ ಅದು ಬರಬೇಕು.

“ಅಳಿಯಾ, ವಿಮಾನದ್ದು ಏನಾತು?”

“ಮಾಮಾ, ಅದೇನು ನನ್ನ ಶೆಡ್ಡಿನಾಗ ಅದ ಏನ್ರೀ?”

“ನಿನ್ನ ಶೆಡ್ಡಿನಾಗ ಇದ್ದಿದ್ರ ಇಷ್ಟೊತ್ತಿಗೆ ಮುಗೀತಿತ್ತಲ್ಲೋ!”

ಹೊಗಳಿದರೋ, ಬೈದರೋ? ಯೋಚಿಸುವಷ್ಟರಲ್ಲಿ ಕಬ್ಬಿಣ ತಣ್ಣಗಾಗಿರುತ್ತದೆ.

ಈ ಹುಚ್ಚಿಗೊಂದು ಕಾರಣವಿದೆ, ಇಲ್ಲವೆನ್ನುವುದಿಲ್ಲ. ಮಾವನ ಒಬ್ಬನೇ ಮಗ ಫೌಜಿನಲ್ಲಿದ್ದಾನೆ, ಹಿಮದ ಬೆಟ್ಟದ ಮೇಲೆ. ಹೋದ ವರ್ಷ ನಮ್ಮ ಅತ್ತೆ ರಾಯಚೂರಿನ ಆಸ್ಪತ್ರೆಯಲ್ಲಿ ಮಲಗಿ ಬಾಗಿಲ ಕಡೆಯೇ ನೋಡುತ್ತಿದ್ದಾಗ ಹುಡುಗನಿಗೆ ರಜೆ ಸಿಕ್ಕಿತು, ವಿಮಾನ ಸಿಗಲಿಲ್ಲ. ಮೊದಲು ಮೋಡ ಅಡ್ಡ ಬಂತು. ಮೋಡ ಸರಿದು ಸೈನ್ಯದ ವಿಮಾನ ಬಂದಾಗ ತುಂಬಿದೆ, ಜಾಗವಿಲ್ಲ ಅಂದರು. ಅವನು ಊರು ಮುಟ್ಟುವಷ್ಟರಲ್ಲಿ ನಾವು ಮಣ್ಣು ಕೊಟ್ಟು ಬಂದಿದ್ದೆವು. ಅಂದಿನಿಂದ ಮಾವನಿಗೆ ಒಂದೇ ಹಟ: ಹೊಸ ವಿಮಾನ ಬರಬೇಕು, ಅದರಲ್ಲಿ ಜಾಗವಿಲ್ಲ ಎಂಬ ಮಾತೇ ಇರಬಾರದು.

ಸರಿಯಪ್ಪಾ, ದುಃಖ ನನಗಿಲ್ಲವೇ? ನನಗೆ ಉಣಿಸಿ ಬೆಳೆಸಿದ ಅತ್ತೆ. ಆದರೆ ದುಃಖ ಬಂದವರೆಲ್ಲ ವಿಮಾನಕ್ಕೆ ಕೈ ಹಾಕುತ್ತಾರೆಯೇ?

ಮಾವನ ಪ್ರಕಾರ ವಿಮಾನದ ಎಂಜಿನಿಯರುಗಳು ಮೊದಲು ಬಂದು ಹತ್ತಬೇಕಾದ್ದು ರಾಯಚೂರಿನಿಂದ ದೇವದುರ್ಗಕ್ಕೆ ಹೊರಡುವ ಕ್ರೂಸರ್ ಜೀಪನ್ನು. ಅವರು ಬರಲಿಲ್ಲ, ಒಂದು ದಿನ ಮಾವನ ಜೊತೆ ಹತ್ತಿದ್ದು ನಾನು. ನನ್ನ ತೊಡೆಯ ಮೇಲೆ ಯಾರದೋ ಮಿಕ್ಸರಿನ ಡಬ್ಬಿ, ಭುಜದ ಮೇಲೆ ಯಾರದೋ ನಿದ್ದೆ. ಕಾಲು ಎಲ್ಲಿದೆಯೆಂದು ನನಗೇ ಗೊತ್ತಿಲ್ಲ. ಆಗಲೂ ಡ್ರೈವರ್ ಬಾಗಿಲು ತೆಗೆದು, “ಒಂದೀಟು ಸರ್ಕೊಳ್ರಿ ಯಪ್ಪಾ, ಒಬ್ಬರು ಬಂದಾರ!” ಅನ್ನುತ್ತಿದ್ದ. ಮಾವನ ಮುಖ ಅರಳಿತು.

“ನೋಡಿದ್ಯಾ ಅಳಿಯಾ? ಇವನ ಬಾಯಾಗ ಜಾಗಿಲ್ಲ ಅನ್ನೋ ಮಾತು ಬಂತೇನು? ಇಂಥವನ್ನ ಕರೀಬೇಕು ವಿಮಾನದ ಕೆಲಸಕ್ಕ.”

“ಕರಸ್ರಿ ಯಪ್ಪಾ, ಬರ್ತೀನಿ,” ಎಂದ ಡ್ರೈವರ್. “ಆದ್ರ ಟಾಪ್ ಮ್ಯಾಲ ಮಂದಿ ಕೂಡಸಾಕ ಬಿಡಬೇಕು ಮತ್ತ!”

ಜೀಪಿಗೆ ಜೀಪೇ ನಕ್ಕಿತು. ಮಾವ ನಗಲಿಲ್ಲ. ಗಲ್ಲದ ಮೇಲೆ ಕೈಯಿಟ್ಟು ಯೋಚಿಸಿ, “ಮ್ಯಾಲ ಭಾಳ ಥಂಡಿ ಇರತದಲೋ,” ಎಂದರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮಾನ್ವಿಯ ಒಬ್ಬ ರೈಸ್ ಮಿಲ್ ಸಾಹುಕಾರರು ನನಗೆ ದೊಡ್ಡ ಟ್ರ್ಯಾಲಿಯೊಂದನ್ನು ಹೇಳಿದ್ದರು. ಇದು ಮನಸ್ಸಿಗೆ ಬಂದರೆ ಮಿಲ್ಲಿನ ಎಲ್ಲ ಟ್ರ್ಯಾಲಿಗಳೂ ನನ್ನವೇ ಎಂಬ ಮಾತಾಗಿತ್ತು. ಊಟ, ನಿದ್ದೆ ಬಿಟ್ಟು ಕಟ್ಟಿದೆ. ಸಾಹುಕಾರರು ಪೂಜೆಗೆ ಬರುವ ದಿನ ಬೆಳಿಗ್ಗೆ ಹಸಿರು ಬಣ್ಣದ ಕಡೆಯ ಕೈ ಹೊಡೆದು, ಒಣಗಲೆಂದು ಬಿಟ್ಟು, ಒಂದು ಮುರಿದ ಕೊಂಡಿ ಬೆಸೆಯಲು ದೇವಸುಗೂರಿಗೆ ಹೋದೆ. ಕಣ್ಣು ತೋರಿಸಿಕೊಳ್ಳಲು ಬಂದಿದ್ದ ಮಾವನನ್ನು ಕಾವಲಿಗೆ ಕೂಡಿಸಿದೆ. ನನ್ನ ಬುದ್ಧಿಗೆ ಏನೆನ್ನಬೇಕು!

ತಿರುಗಿ ಬಂದಾಗ ಟ್ರ್ಯಾಲಿಯೊಳಗಿಂದ ‘ಬ್ಯಾ’ ಎಂಬ ಶಬ್ದ. ಚಂದ್ರಬಂಡದ ಕಡೆ ಮೇಯಿಸಲು ಹೊರಟಿದ್ದ ಬೀಗರೊಬ್ಬರ ಕುರಿ ಹಿಂಡನ್ನು ಮಾವ ರಸ್ತೆಯಲ್ಲೇ ತಡೆದು, ನನ್ನ ಹಲಗೆಗಳನ್ನೇ ಇಳಿಜಾರಾಗಿ ಹಾಕಿ, ಅಷ್ಟನ್ನೂ ಒಳಗೆ ಹತ್ತಿಸಿದ್ದರು. ಒಂದು ಕುರಿ ಹತ್ತಿದರೆ ಉಳಿದವಕ್ಕೆ ಹೇಳಬೇಕೇ? ಬಿಳಿ ಕುರಿಗಳೆಲ್ಲ ಅರ್ಧ ಹಸಿರಾಗಿದ್ದವು. ನನ್ನ ಹಸಿರು ಟ್ರ್ಯಾಲಿಗೆ ಉಣ್ಣೆ ಬಂದಿತ್ತು!

“ಮಾಮಾ! ಏನ್ರೀ ಇದು?”

“ಇವರೆಲ್ಲಾ ಜವಾನರು,” ಮಾವ ಶಾಂತವಾಗಿ ತೋರಿಸಿದರು. “ಅಕಾ ನೋಡು, ಗಡ್ಡದ ಹೋತ ಅದಲ್ಲ, ಅದು ಮೇಜರ್ ಸಾಹೇಬ.”

ಬೀಗರು ಕೆಳಗೆ ನಿಂತು, “ಸಾಕು ಬಿಡೋ ಮಾರಾಯಾ, ಇನ್ನ ಒಂದು ಇರುವಿ ಹಿಡಿಯಂಗಿಲ್ಲ ಅದರಾಗ,” ಎಂದು ಕೈ ಮುಗಿಯುತ್ತಿದ್ದರು. ಆ ಮಾತಿಗೇ ಕಾದಿದ್ದವರಂತೆ ಮಾವ ಧೋತರ ಎತ್ತಿ ಕಟ್ಟಿ, ಹಲಗೆ ಏರಿ, ಮೇಜರ್ ಸಾಹೇಬನ ಪಕ್ಕದಲ್ಲಿ ತೂರಿ ನಿಂತರು.

“ನೋಡ್ರಿ! ಹಿಡದೆನೋ ಇಲ್ಲೋ?”

ಸರಿಯಾಗಿ ಆಗಲೇ ಸಾಹುಕಾರರ ಕಾರು ಬಂದು ನಿಂತಿತು. ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡೇ ಇಳಿದರು. ಟ್ರ್ಯಾಲಿ ನೋಡಿದರು, ಕುರಿ ನೋಡಿದರು, ಕುರಿಗಳ ನಡುವೆ ಮಾವನನ್ನು ನೋಡಿದರು.

“ಏನಪಾ ಮೇಸ್ತ್ರಿ, ಏನಿದು?”

ನಾನು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಉತ್ತರ ಬಂತು. “ವಿಮಾನ ರೀ!”

“ನಾ ಟ್ರ್ಯಾಲಿ ಹೇಳಿದ್ದೆ,” ಎಂದರು ಸಾಹುಕಾರರು.

ಮತ್ತೆ ತೊಳೆದು ಬಣ್ಣ ಹೊಡೆದುಕೊಡುತ್ತೇನೆ ಅಂದೆ, ಕಾಲು ಹಿಡಿಯುವುದೊಂದು ಬಾಕಿ. “ಪೂಜೀಗಿಂತ ಮೊದಲ ಕುರಿ ಹಿಕ್ಕಿ ಬಿದ್ದದ್ದು ನನಗ ಬ್ಯಾಡಪಾ,” ಎಂದು ಕಾರು ಹತ್ತಿದರು. ಕಾಯಿ ಅವರ ಜೊತೆಗೇ ಹೋಯಿತು. ಮಿಲ್ಲಿನ ಕೆಲಸವೂ ಹೋಯಿತು.

ಬೀಗರು ಕುರಿ ಇಳಿಸಿಕೊಂಡು ಓಡಿದ ಮೇಲೆ ನಾನು ಬಾಯಿ ಬಿಟ್ಟೆ. ಇಡೀ ಓಣಿ ಕೇಳಿರಬೇಕು. “ನಾ ದುಡುದು ತಿನ್ನೋನು ರೀ ಮಾಮಾ! ನಿಮ್ಮ ವಿಮಾನ ನನ್ನ ಹೊಟ್ಟಿ ಮ್ಯಾಲೇ ಇಳೀಬೇಕಾಗಿತ್ತೇನು? ಕೈ ಮುಗೀತೀನಿ, ಗಂಟು ಕಟ್ರಿ, ಮಸರಕಲ್ಲಿಗೆ ನಡೀರಿ!”

ಮಾವ ಖಾಲಿ ಟ್ರ್ಯಾಲಿಯಿಂದ ಮೆಲ್ಲಗೆ ಇಳಿದು, ಹಸಿರಾದ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡರು.

“ಅಳಿಯಾ, ಎಲ್ಲಾ ತುಂಬಿದ ಮ್ಯಾಲ ನಾ ಹತ್ತಿದೆ. ಹಿಡದೆ. ನೀನೂ ನೋಡಿದಿ.”

“ನೋಡಿದೆ. ಏನಾತೀಗ?”

“ಹಂಗಾರ ಅವತ್ತು ನನ್ನ ಹುಡುಗನೂ ಹಿಡೀತಿದ್ದ. ಹೌದಿಲ್ಲೋ? ನೀ ಕಬ್ಬಿಣದ ಕೆಲಸದವ, ನೀ ಹೇಳು.”

ನೆಲದ ಮೇಲೆ ಉರುಳುವುದಕ್ಕೂ ಆಕಾಶದಲ್ಲಿ ಹಾರುವುದಕ್ಕೂ ತೂಕದ ಲೆಕ್ಕ ಬೇರೆಯೆಂದು ಏಳನೆಯ ತರಗತಿ ಅರ್ಧ ಓದಿದ ನನಗೂ ಗೊತ್ತು. ಅದನ್ನೇ ಹೇಳಲು ಹೊರಟೆ.

“ಹಿಡೀತಿದ್ದ, ಮಾಮಾ.”

ಮಾವ ತಲೆಯಾಡಿಸಿದರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ, “ಅವರವ್ವಗಂತೂ ಆಗಲಿಲ್ಲ. ನನ್ನ ಪಾಳಿ ಬಂದಾಗರ ಮುಟ್ತಾನಲ್ಲೋ?” ಎಂದರು.

ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಇದ್ದಷ್ಟೇ ಇದೆ, ಅದರ ಮುಖವನ್ನು ಬೇರೆ ಕಡೆಗೆ ತಿರುಗಿಸಿದೆ ಅಷ್ಟೇ. ಮೀಟಿಂಗ್ ಮಾಡುತ್ತಿರುವ ದೊಡ್ಡವರೇ, ಎಷ್ಟು ಟನ್ ಬೇಕೋ ಅಷ್ಟು ಟನ್ನಿನದು ಮಾಡಿ, ಯಾರ ಜೊತೆ ಬೇಕೋ ಅವರ ಜೊತೆ ಮಾಡಿ. ಜಲ್ದಿ ಮಾಡಿ. ನಮ್ಮ ಮಾವನಿಗೆ ವಯಸ್ಸಾಗುತ್ತಿದೆ.

ಸದ್ಯ ನನ್ನ ಹತ್ತಿರ ಇರುವುದಿಷ್ಟು: ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಷಿನ್, ಯಾರೂ ಕೊಳ್ಳದ ಒಂದು ಟ್ರ್ಯಾಲಿ, ತುಂಬಿದ ಮೇಲೂ ಒಬ್ಬರು ಹಿಡಿಯಲೆಂದು ಅದರ ಹಿಂಬದಿಗೆ ನಾನೇ ಬೆಸೆದ ಮಡಚುವ ಸೀಟು ಒಂದು, ಸಂಜೆಯ ಹೊತ್ತು ಅದರ ಮೇಲೆ ಕೂಡುವ ಮಾವ ಒಬ್ಬರು.