ಮೊದಲನೇ ಸಂಚಿಕೆಗೊಂದು ಸಹಿ

ನಮ್ಮ ಭಾವನ ಮನೆಗೆ ಮೊದಲ ಸಲ ಹೋಗುವವರಿಗೆ ನಾನು ಒಂದೇ ಒಂದು ಮಾತು ಹೇಳಿ ಕಳಿಸುತ್ತೇನೆ: ದಯವಿಟ್ಟು ಅಲ್ಲಿ ಸೀನಬೇಡಿ! ಕೆಮ್ಮು ಬಂದರೆ ಗೇಟಿನಾಚೆ ಹೋಗಿ ಕೆಮ್ಮಿ. ಕಾಫಿ ಕೊಟ್ಟರೆ ಅಡುಗೆಮನೆಯಲ್ಲೇ ನಿಂತು ಕುಡಿಯಿರಿ. ಬಾಳೆಕಾಯಿ ಚಿಪ್ಸು ತಿಂದ ಕೈಯನ್ನಂತೂ ಅವರ ಕಣ್ಣಿಗೆ ಬೀಳಿಸಲೇಬೇಡಿ. ನಮ್ಮಕ್ಕನನ್ನು ಕೈಹಿಡಿದ ಈ ಮಹಾನುಭಾವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕ್ರೋಂಪೇಟೆಯ ಅವರ ಮನೆಯಲ್ಲಿ ದೇವರಿಗಿಂತ ಹೆಚ್ಚು ಮಡಿಯಲ್ಲಿ ವಾಸವಾಗಿರುವುದು ಒಂದು ಟ್ರಂಕು ತುಂಬ ಹಳೆಯ ಕಾಮಿಕ್ಸ್ ಪುಸ್ತಕಗಳು.

‘ಏನು, ಕಾಮಿಕ್ಸಾ? ಮಕ್ಕಳು ಓದುವ ಚಿತ್ರಕಥೆಯಾ?’ ಎಂದು ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಒಂದೇ ಸಲ! ಭಾವ ಎದ್ದು ಕೈತೊಳೆದು, ಒರೆಸಿ, ಫ್ಯಾನು ಆರಿಸಿ, ಬಿಳಿ ಹತ್ತಿಯ ಗ್ಲೌಸು ಹಾಕಿಕೊಂಡು ಒಂದು ಪುಸ್ತಕ ಹೊರತೆಗೆದರು. ದೀಪಸ್ತಂಭದ ಕಾವಲುಗಾರನೊಬ್ಬ ಕಡಲುಗಳ್ಳರನ್ನು ಹಿಡಿಯುವ ಕಥೆ. ಐವತ್ತು ವರ್ಷದ ಹಿಂದೆ ಈ ತಮಿಳು ಊರಿನಲ್ಲೇ ಅಚ್ಚಾದ ಕನ್ನಡ ಪುಸ್ತಕ. ಮೊದಲನೇ ಸಂಚಿಕೆ. ಜಗತ್ತಿನಲ್ಲಿ ಉಳಿದಿರುವುದು ಇದೊಂದೇ ಪ್ರತಿ ಎಂಬುದು ಭಾವನ ನಂಬಿಕೆ. ಒಂದೊಂದೇ ಪುಟ ತಿರುವುತ್ತಾ ಅಲೆಗಳನ್ನೂ ನೆರಳುಗಳನ್ನೂ ತೋರಿಸಿದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಲಾಕರಿನಿಂದ ಒಡವೆ ತೆಗೆಯುವ ಎಷ್ಟೋ ಜನರನ್ನು ನೋಡಿದ್ದೇನೆ. ಬಂಗಾರವನ್ನು ಯಾರೂ ಹಾಗೆ ನೋಡಿದ್ದನ್ನು ಕಾಣೆ. ಅರ್ಧ ಗಂಟೆಯಾದ ಮೇಲೆ ನಾನೂ ಉಸಿರು ಹಿಡಿದುಕೊಂಡೇ ಕೂತಿದ್ದೆ ಅಂತ ನನಗೆ ಗೊತ್ತಾಯಿತು.

ಒಂದು ವರ್ಷ ನವೆಂಬರಿನ ಮಳೆಗೆ ಅವರ ಬೀದಿಯಲ್ಲಿ ಮೊಳಕಾಲುದ್ದ ನೀರು ನಿಂತಿತು. ಭಾವ ಟ್ರಂಕನ್ನು ತಲೆಯ ಮೇಲೆ ಹೊತ್ತು ಮಹಡಿ ಮನೆಯವರ ಹತ್ತಿರ ಇಟ್ಟು ಬಂದರು. ಆಮೇಲೆ ನುಸಿಗುಳಿಗೆಯ ಡಬ್ಬ ಹೋಯಿತು. ಆಮೇಲೆ ಗ್ಲೌಸು. ಅಕ್ಕ ಮಂಚದ ಮೇಲೆ ನಿಂತು ನೋಡುತ್ತಲೇ ಇದ್ದಳು.

“ರೀ, ನನ್ನ ಪಾಳಿ ಯಾವಾಗ?”

“ನೀನು ನೆಂದ್ರೆ ಒಣಗ್ತೀಯ ಕಣೇ! ಅವು ಒಣಗಲ್ಲ!” ಎಂದರಂತೆ. ಅಕ್ಕ ಒಂದು ವಾರ ಅವರಿಗೆ ಬರೀ ಮೊಸರನ್ನ ಹಾಕಿದಳು.

ಸರಸ್ವತಿ ಪೂಜೆಯ ಕಥೆ ಇನ್ನೊಂದು. ಆ ದಿನ ಮನೆಯ ಪುಸ್ತಕಗಳನ್ನೆಲ್ಲ ದೇವರ ಮುಂದೆ ಜೋಡಿಸುವುದು, ಮರುದಿನದವರೆಗೂ ಮುಟ್ಟದಿರುವುದು ಪದ್ಧತಿಯಲ್ಲವೇ? ಭಾವ ಮೊದಲನೇ ಸಂಚಿಕೆಯನ್ನೂ ಪ್ಲಾಸ್ಟಿಕ್ ಕವರಿನ ಸಮೇತ ಇಟ್ಟರು. ಅಕ್ಕ ಭಕ್ತಿಯಿಂದ ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚುತ್ತಾ ಬಂದವಳು ಇದರ ಕವರಿಗೂ ದೊಡ್ಡದಾಗಿ ಹಚ್ಚಿಬಿಟ್ಟಳು! ಒರೆಸೋಣವೆಂದರೆ ಸರಸ್ವತಿಗೆ ಅಪಚಾರ, ಬಿಡೋಣವೆಂದರೆ ಕುಂಕುಮ ಒಳಗಿಳಿದೀತೆಂಬ ಭಯ. ಭಾವ ರಾತ್ರಿಯಿಡೀ ಟಾರ್ಚು ಹಿಡಿದು ಅದರ ಪಕ್ಕದಲ್ಲೇ ಕೂತಿದ್ದರು. ಬೆಳಿಗ್ಗೆ ಪುಸ್ತಕಕ್ಕೆ ಹೊಸ ಕವರು ಬಂತು. ಹಳೆಯ ಕವರು ಇವತ್ತಿಗೂ ದೇವರ ಮನೆಯಲ್ಲಿ ಕೂತು ದಿನಾ ಹೂವು ಹಾಕಿಸಿಕೊಳ್ಳುತ್ತಿದೆ.

ಇಂಥವರ ತಲೆಯೊಳಗೆ ಒಂದು ಹುಳ ಬಿಟ್ಟವರು ಅವರ ಗೆಳೆಯರೇ. ಎಗ್ಮೋರಿನ ಒಂದು ಹೋಟೆಲಿನ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಇವರಂಥವರೇ ಏಳೆಂಟು ಜನ ಸೇರುತ್ತಾರೆ. ಮೊದಲು ವಡೆ, ಆಮೇಲೆ ಸೋಪು ಹಾಕಿ ಕೈತೊಳೆಯುವುದು, ಆಮೇಲೆ ಪುಸ್ತಕ. ಅಲ್ಲಿ ಎರಡು ಪಾರ್ಟಿ. ಹಳೆಯ ಕಾಮಿಕ್ಸಿನ ಮೇಲೆ ಅದನ್ನು ಬರೆದವರಿಂದ ಸಹಿ ಹಾಕಿಸಿದರೆ ಅದಕ್ಕೆ ಜೀವ ಬರುತ್ತದೆ ಎನ್ನುವವರು ಒಂದು ಕಡೆ. ಒಂದು ಚುಕ್ಕಿ ಶಾಯಿ ಬಿದ್ದರೂ ಪುಸ್ತಕ ಕೆಟ್ಟಿತು ಎನ್ನುವವರು ಇನ್ನೊಂದು ಕಡೆ. ಎರಡನೆಯ ಪಾರ್ಟಿಗೆ ನಮ್ಮ ಭಾವನೇ ಲೀಡರು ಅಂತ ಬೇರೆ ಹೇಳಬೇಕೇ?

“ಸಹಿ ಅಂದ್ರೆ ಏನಮ್ಮಾ? ಪುಸ್ತಕದ ಮೇಲೆ ಗೀಚೋದು ತಾನೇ? ನಾನು ಗೀಚಿದ್ರೆ ಗಲೀಜು, ಅವರು ಗೀಚಿದ್ರೆ ಗೌರವ! ಯಾವೂರ ನ್ಯಾಯ ಇದು?” ಎಂದು ಭಾವ ಮನೆಯಲ್ಲಿ ನನ್ನೆದುರು ವಾದಿಸಿದರು.

“ಚಿತ್ರ ಬರೆದೋರೇ ಅವರಲ್ವಾ ಭಾವ?”

“ಅಡುಗೆ ಮಾಡಿದೋಳು ನಿಮ್ಮಕ್ಕ. ಬಡಿಸಿದ ಮೇಲೆ ಬಂದು ನನ್ನ ತಟ್ಟೆಗೆ ಇನ್ನೊಂದು ಹಿಡಿ ಉಪ್ಪು ಹಾಕ್ತೀನಿ ಅಂದ್ರೆ ಬಿಡಕ್ಕಾಗತ್ತಾ?”

“ತಟ್ಟೆ ತನ್ನಿ, ಹಾಕೇ ಹಾಕ್ತೀನಿ!” ಎಂದು ಅಡುಗೆಮನೆಯಿಂದ ಅಕ್ಕನ ದನಿ ಬಂತು.

ಹೀಗಿರುವಾಗ ಒಂದು ಭಾನುವಾರ ಸುದ್ದಿ ಬಂತು. ದೀಪಸ್ತಂಭದ ಕಥೆಗೆ ಚಿತ್ರ ಬರೆದವರು ಬದುಕಿದ್ದಾರೆ! ಅದೂ ಪುರಸವಾಕ್ಕದಲ್ಲಿ, ಎಗ್ಮೋರಿನಿಂದ ಆಟೋದಲ್ಲಿ ಹತ್ತು ನಿಮಿಷ! ಎಂಬತ್ತು ದಾಟಿದೆ, ಕೈ ನಡುಗಲು ಶುರುವಾಗಿದೆ, ಹೋಗುವುದಾದರೆ ಬೇಗ ಹೋಗಿ ಎಂದರು ಗೆಳೆಯರು. ಆ ಪುಸ್ತಕದ ಒಳಗೆ ಚಿತ್ರ ಬರೆದವರ ಹೆಸರು ಎಲ್ಲಿಯೂ ಇಲ್ಲ. ಆಗಿನ ಕಾಲದಲ್ಲಿ ಪ್ರಕಾಶಕರ ಹೆಸರು, ಬೆಲೆ, ಎರಡು ಮಾತ್ರ ಹಾಕುತ್ತಿದ್ದರಂತೆ. ಸಹಿ ಹಾಕಿಸದಿದ್ದರೆ ಇಂಥವರು ಬರೆದದ್ದು ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ಹಾಕಿಸಿದರೆ, ಅಯ್ಯೋ, ಶಾಯಿ!

ಭಾವ ಇಳಿದುಹೋದರು. ಊಟ ಸೇರಲಿಲ್ಲ. ಹಳೇ ಪೇಪರಿನ ಅಂಗಡಿಗೆ ಹೋಗಿ ಅದೇ ವಯಸ್ಸಿನ ವಾರಪತ್ರಿಕೆಗಳನ್ನು ಹುಡುಕಿ ತಂದು, ಹನ್ನೊಂದು ಥರದ ಪೆನ್ನುಗಳಿಂದ ಅವುಗಳ ಮೇಲೆ ನನ್ನ ಕೈಲಿ ಸಹಿ ಹಾಕಿಸಿದರು. ಬ್ಯಾಂಕಿನಲ್ಲಿ ಒಂದು ದಿನಕ್ಕೂ ನಾನು ಅಷ್ಟು ಸಹಿ ಹಾಕುವುದಿಲ್ಲ! ಅವುಗಳನ್ನೆಲ್ಲ ಟೆರೇಸಿನ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಂದು ವಾರ ಬಿಸಿಲಿಗೆ, ಕಡಲ ಗಾಳಿಗೆ ಬಿಟ್ಟರು. ಜೆಲ್ ಪೆನ್ನು ಹರಡಿತು. ಬಾಲ್ ಪೆನ್ನು ಕಾಗದದ ಮೇಲೆ ಗೀರು ಬೀಳಿಸಿತು. ಮಾರ್ಕರು ಹಿಂದಿನ ಪುಟಕ್ಕೇ ಇಳಿಯಿತು.

“ಸೀರೆ ಒಣಹಾಕಕ್ಕೆ ಜಾಗ ಇಲ್ಲ ಕಣೇ, ಮನೆ ತುಂಬ ನಿನ್ನ ಸಹಿ ಒಣಗ್ತಿದೆ!” ಎಂದು ಅಕ್ಕ ನನ್ನನ್ನೇ ಬೈದಳು.

ಕೊನೆಗೆ ಒಂದು ಪೆನ್ನು ಪಾಸಾಯಿತು. “ಹಾಗಾದ್ರೆ ಹಾಕಿಸ್ತೀರಾ?” ಎಂದೆ. “ತಗೊಂಡು ಹೋಗೋಣ. ಹಾಕಿಸೋದೋ ಬಿಡೋದೋ ಅಲ್ಲಿ ನೋಡ್ಕೊಳ್ಳೋಣ. ನೀನು ಜೊತೆಗಿರಮ್ಮಾ, ಧೈರ್ಯ ಸಾಲದು” ಎಂದರು. ಪುಸ್ತಕ ಕವರಿನೊಳಗೆ, ಕವರು ಟವೆಲಿನೊಳಗೆ, ಟವೆಲು ಸ್ಟೀಲ್ ಡಬ್ಬಿಯೊಳಗೆ, ಡಬ್ಬಿ ಭಾವನ ತೊಡೆಯ ಮೇಲೆ. ನೂಕುನುಗ್ಗಲಿನಲ್ಲಿ ಪುಸ್ತಕ ನಲುಗೀತೆಂದು ಲೋಕಲ್ ರೈಲಿಗೆ ಫಸ್ಟ್ ಕ್ಲಾಸ್ ಟಿಕೆಟ್ಟು! ತಮ್ಮ ಮದುವೆಯ ದಿಬ್ಬಣವನ್ನೇ ಸೆಕೆಂಡ್ ಕ್ಲಾಸಿನಲ್ಲಿ ಕರೆದುಕೊಂಡು ಹೋದ ಮನುಷ್ಯ ಇವರು.

ಚಿತ್ರಕಾರರು ಬಾಗಿಲಲ್ಲೇ ಕಾಯುತ್ತಿದ್ದರು. ಬನಿಯನ್ನು, ಲುಂಗಿ, ಬಾಯಿ ತುಂಬ ನಗು. ತಮಿಳರು. ಡಬ್ಬಿಯಿಂದ ಪುಸ್ತಕ ಹೊರಬಂದದ್ದೇ “ಅಡಡಾ! ಇದು ಇನ್ನೂ ಇರುಕ್ಕಾ?” ಎಂದು ಎದ್ದು ನಿಂತುಬಿಟ್ಟರು. ಗ್ಲೌಸಿಲ್ಲ ಏನಿಲ್ಲ, ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು! ಭಾವನ ಮುಖ ಬಿಳಿಚಿಕೊಂಡಿತು. ಆದರೂ ಪುಸ್ತಕ ಕಿತ್ತುಕೊಳ್ಳದೆ ಕೈಯೆರಡನ್ನೂ ತೊಡೆಯ ಕೆಳಗೆ ಅಮುಕಿ ಕೂತರು. ನಿಜಕ್ಕೂ ನನಗೆ ಅವರ ಬಗ್ಗೆ ಅಭಿಮಾನ ಉಕ್ಕಿತು.

‘ಈ ಅಲೆ ಬರೆಯುವಾಗ ನನಗೆ ಜ್ವರ’, ‘ಈ ಕಳ್ಳ ನಮ್ಮ ಮನೆ ಮಾಲೀಕ’ ಎಂದು ತಮಿಳಿನಲ್ಲಿ ಹೇಳುತ್ತಾ ನಕ್ಕ ಅವರು ಕೊನೆಗೆ ಕೈಚಾಚಿದರು. ಭಾವ ಜೇಬಿನಿಂದ ಪೆನ್ನು ತೆಗೆದರು, ಮತ್ತೆ ಒಳಗಿಟ್ಟರು, ಮತ್ತೆ ತೆಗೆದರು, ಕಣ್ಣುಮುಚ್ಚಿ ಕೊಟ್ಟುಬಿಟ್ಟರು. ಪೆನ್ನಿನ ಮುಚ್ಚಳ ತೆಗೆದ ಚಿತ್ರಕಾರರು ಪುಟದ ಮೇಲೆ ಬಗ್ಗಿದವರು ಹಾಗೇ ನಿಂತರು.

“ನಾನು ಚಿತ್ರ ಮಾತ್ರ ಬರೆದದ್ದು ಸಾರ್,” ಎಂದರು. “ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟುಕೊಡುತ್ತಿದ್ದೆ. ತಮಿಳು, ತೆಲುಗು, ಕನ್ನಡ, ಒಂದೊಂದು ಭಾಷೆಗೆ ಒಬ್ಬೊಬ್ಬರು ಕೂತು ಕೈಯಲ್ಲೇ ಅಕ್ಷರ ತುಂಬುತ್ತಿದ್ದರು. ಕನ್ನಡ ನನಗೆ ಇವತ್ತಿಗೂ ಓದಲು ಬರುವುದಿಲ್ಲ. ಇದರ ಅರ್ಧ ಇವಳದ್ದು.” ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು.

ಬಂದವರು ಎಪ್ಪತ್ತೈದರ ಆಸುಪಾಸಿನ ಸಣ್ಣ ಹೆಂಗಸು. ಸೌಕಾರ್‌ಪೇಟೆಯಲ್ಲಿ ಹುಟ್ಟಿ ಬೆಳೆದ ಕನ್ನಡದವರಂತೆ. ಪುಸ್ತಕ ನೋಡಿದವರೇ ಒಂದು ಗುಳ್ಳೆಯ ಮೇಲೆ ಬೆರಳಾಡಿಸಿದರು. ಆಮೇಲೆ ನಾಚಿಕೊಂಡು ಕನ್ನಡದಲ್ಲಿ ಹೇಳಿದರು: “ಇವರು ಗುಳ್ಳೆ ತೀರಾ ಚಿಕ್ಕದು ಬಿಡೋರು. ತಮಿಳು ಹಿಡಿಯೋದು, ನನ್ನ ಕನ್ನಡ ಹಿಡೀತಾನೇ ಇರ್ಲಿಲ್ಲ. ಒತ್ತಕ್ಷರ ಎಲ್ಲಿ ಬಿಡ್ಲಿ? ಎಲ್ಲಾನೂ ಅಕ್ಷರದ ಹೊಟ್ಟೆ ಕೆಳಗೇ ತುರುಕಿ ಬರೀತಿದ್ದೆ. ಜಗಳ ಆಡೋಣ ಅಂತ ಇವರ ಹತ್ರ ಹೋದೆ. ಮದ್ವೆ ಆಗೋಯ್ತು. ಗುಳ್ಳೆ ಮಾತ್ರ ದೊಡ್ಡದಾಗ್ಲಿಲ್ಲ!”

ನಾನು ಜೋರಾಗಿ ನಕ್ಕೆ. ಭಾವ ನಗಲಿಲ್ಲ. ಅವರು ಆಕೆಯನ್ನೇ ನೋಡುತ್ತಿದ್ದರು.

“ಇದು ಅಚ್ಚಿನ ಅಕ್ಷರ ಅಂದ್ಕೊಂಡಿದ್ದೆನಮ್ಮಾ, ಐವತ್ತು ವರ್ಷ,” ಎಂದರು ಮೆಲ್ಲಗೆ. “ನಾನು ಓದಿದ್ದೆಲ್ಲ ತಮಿಳು ಮೀಡಿಯಂ. ಮನೇಲಿ ಕನ್ನಡ ಮಾತಾಡ್ತಿದ್ರು, ಕಲಿಸೋಕೆ ಯಾರಿಗೂ ಪುರುಸೊತ್ತಿರ್ಲಿಲ್ಲ. ಕನ್ನಡ ಓದೋಕೆ ಬರೆಯೋಕೆ ಕಲಿತದ್ದು ಇದೊಂದೇ ಪುಸ್ತಕದಿಂದ. ಇದರ ಮೇಲೆ ಸಹಿ ಹಾಕಿ. ಎಲ್ಲಿ ಬೇಕಾದ್ರೂ ಹಾಕಿ!”

“ಅಯ್ಯೋ, ಇಷ್ಟು ಜೋಪಾನ ಮಾಡಿದೀರಲ್ಲ, ಹಾಳಾಗತ್ತೆ.”

“ಆಗ್ಲಿ ಬಿಡಿಯಮ್ಮಾ!” ಎಂದರು ಭಾವ. ನಾನು ನನ್ನ ಕಿವಿಯನ್ನೇ ನಂಬಲಿಲ್ಲ.

ಆಕೆ ಸಾಮಾನಿನ ಪಟ್ಟಿ ಬರೆಯುವ ಪ್ಯಾಡು ತಂದು ಮುಂದಿಟ್ಟರು. “ಹಾಗಾದ್ರೆ ನಿಮ್ಮ ಹೆಸರು, ಊರು ಇದರಲ್ಲಿ ಬರ್ಕೊಡಿ. ತಪ್ಪಿಲ್ಲದೆ ನೋಡ್ಕೊಂಡು ಬರೀತೀನಿ. ನಾನು ಕನ್ನಡ ಬರೆದು ಎಷ್ಟು ಕಾಲ ಆಯ್ತೋ.”

ಭಾವ ಬರೆದರು. ಹೆಸರಿನ ಕೆಳಗೆ ‘ಕ್ರೋಂಪೇಟೆ’. ಆಕೆ ಕನ್ನಡಕ ಏರಿಸಿ ನೋಡಿದವರು ಹಾಳೆಯಿಂದ ಕಣ್ಣು ತೆಗೆಯಲೇ ಇಲ್ಲ. ಗಂಡನಿಗೂ ತೋರಿಸಿದರು. ಅವರಿಗೆ ಕನ್ನಡ ಬಾರದಿದ್ದರೂ ಹೆಂಡತಿಯ ಕೈಬರಹ ಗೊತ್ತಿತ್ತು. ಇವಳು ಯಾವಾಗ ಬರೆದಳು ಎಂಬಂತೆ ನಮ್ಮ ಮುಖ ನೋಡಿದರು.

“ಇಡೀ ಹಾಳೆ ಖಾಲಿ ಇದೆಯಲ್ಲಪ್ಪಾ,” ಎಂದರು ಆಕೆ. “ಒತ್ತನ್ನ ಯಾಕೆ ಹೀಗೆ ಹೊಟ್ಟೆ ಕೆಳಗೆ ತುರುಕಿದೀರಿ?”

“ಕನ್ನಡ ಬರೆಯೋದೇ ಹೀಗೆ ಅಂದ್ಕೊಂಡಿದ್ದೆನಮ್ಮಾ,” ಎಂದರು ಭಾವ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪೆನ್ನು ತೆಗೆದುಕೊಂಡು ಮೊದಲ ಪುಟದ ಅಂಚಿನಲ್ಲಿ ನಿಧಾನವಾಗಿ ಕನ್ನಡದಲ್ಲಿ ಹೆಸರು ಬರೆದರು. ಅದರ ಪಕ್ಕದಲ್ಲಿ ಚಿತ್ರಕಾರರು ನಡುಗುವ ಕೈಯಿಂದ ತಮಿಳಿನಲ್ಲಿ ಬರೆದರು. ಶಾಯಿ ಹರಡಿತೇ ಅಂತ ಭಾವ ಬಗ್ಗಿ ಕೂಡ ನೋಡಲಿಲ್ಲ.

ಹೊರಡಲು ಎದ್ದಾಗ ಆಕೆ ಪ್ಯಾಡಿನಿಂದ ಆ ಹಾಳೆಯನ್ನು ಹರಿದು, ಪೆನ್ನಿನ ಸಮೇತ ಭಾವನ ಮುಂದೆ ಹಿಡಿದರು.

“ಇದಕ್ಕೆ ನೀವೊಂದು ಸಹಿ ಹಾಕಿಕೊಡಿ,” ಎಂದರು. “ನನ್ನ ಹತ್ರ ಇಟ್ಕೊಳ್ತೀನಿ.”

ಭಾವ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಸಹಿ ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಕಣ್ಣು ಕಾಣಿಸುತ್ತಿರಲಿಲ್ಲ.